ಸವರಿ ಸವರಿ ಸಸಿಯ ಬುಡ ದಪ್ಪ ಮಾಡಿದ್ದು: ನನ್ನ ಅನುಭವ

ಶೇಡ್ ನೆಟ್ ಕೆಳಗಿನ ಸಸಿಗಳ ಗೋಳು ನಿಮಗೂ ಗೊತ್ತು. ನೆರಳು ಜಾಸ್ತಿ, ಗಾಳಿ ಇಲ್ಲ, ಸುಮ್ನೆ ಎತ್ತರಕ್ಕೆ ಹೋಗುತ್ತವೆ. ಹೊರಗೆ ನೆಟ್ಟರೆ ಮೊದಲ ಗಾಳಿಗೇ ಮಲಗುತ್ತವೆ. ಕೋಲು, ದಾರ, ಕಟ್ಟುವವರ ಕೂಲಿ ಎಲ್ಲ ಸೇರಿ ಗೊಬ್ಬರಕ್ಕಿಂತ ಇದಕ್ಕೇ ಜಾಸ್ತಿ ದುಡ್ಡು ಹೋಗುತ್ತಿತ್ತು.

ಅದಕ್ಕೇ ದಿನಾ ಸಸಿ ಸವರಲು ಶುರು ಮಾಡಿದೆ. ನೋಡಿದವರು ನಕ್ಕರು. "ಏನ್ರೀ, ಗಿಡಕ್ಕೆ ಮುದ್ದು ಮಾಡ್ತಿದ್ದೀರಾ?" ಮುದ್ದಲ್ಲ ಸ್ವಾಮಿ, ಕಾಟ. ಬಾಗಿಸಿದ್ದು ಕೈಯೋ ಗಾಳಿಯೋ, ಗಿಡಕ್ಕೆ ಎರಡೂ ಒಂದೇ. ದಿನಾ ಬಾಗುವ ಕಾಂಡ ಉದ್ದ ಹೋಗುವುದನ್ನು ಕಡಿಮೆ ಮಾಡಿ ದಪ್ಪ ಆಗುತ್ತದೆ. 1971ರಲ್ಲೇ ನೀಲ್ ಮತ್ತು ಹ್ಯಾರಿಸ್ ಅನ್ನುವ ಸಂಶೋಧಕರು ಲಿಕ್ವಿಡಾಂಬರ್ ಅನ್ನುವ ಜಾತಿಯ ಮರಗಳನ್ನು ದಿನಕ್ಕೆ 30 ಸೆಕೆಂಡು ಅಲ್ಲಾಡಿಸಿ ನೋಡಿದ್ದರು. ಸುಮ್ಮನೆ ಬಿಟ್ಟ ಮರಗಳು ಬೆಳೆದಷ್ಟರಲ್ಲಿ ಮೂರನೇ ಒಂದು ಭಾಗವೂ ಅವು ಬೆಳೆಯಲಿಲ್ಲ.

ಓದಿದಷ್ಟು ಸಲೀಸಾಗಿ ಮಾತ್ರ ನಡೆಯಲಿಲ್ಲ. ಬರಿಗೈ ನಾಲ್ಕು ಟ್ರೇಗೆ ಸರಿ, ಇಡೀ ಸಾಲಿಗೆ ಆಗದ ಮಾತು. ಪೊರಕೆಯಲ್ಲಿ ಸವರಿದರೆ ಎಳೆ ಚಿಗುರು ಹರಿದು ಹೋಗುತ್ತಿತ್ತು. ಬೆಳಿಗ್ಗೆ ಎಲೆ ಒದ್ದೆ ಇದ್ದಾಗ ಸವರಿದ ಸಾಲಿನಲ್ಲಿ ಒಂದು ಟ್ರೇಯ ಕೊಳೆ ರೋಗ ಪಕ್ಕದ್ದಕ್ಕೂ ದಾಟಿ, ಅರ್ಧದಷ್ಟು ಸಸಿ ತಿಪ್ಪೆ ಸೇರಿತು. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಕೈ ಹಿಡಿದದ್ದು ಹಗುರ ಪಿವಿಸಿ ಪೈಪು. ಎರಡು ತುದಿಗೂ ಹಗ್ಗ ಕಟ್ಟಿ, ಸಸಿಯ ಮೇಲಿನ ಕಾಲು ಭಾಗ ಮಾತ್ರ ಬಾಗುವ ಹಾಗೆ ಎಳೆಯುತ್ತೇವೆ. ಎಲೆ ಪೂರ್ತಿ ಒಣಗಿದ ಮೇಲೆ, ಹೋಗುತ್ತಾ ಹತ್ತು ಸಲ, ಬರುತ್ತಾ ಹತ್ತು ಸಲ. ಸಸಿ ಎತ್ತರವಾದಂತೆ ಪೈಪೂ ಮೇಲೇರಬೇಕು. ಪೈಪಿಗೆ ಏನು ಸುತ್ತಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನುಗ್ಗೆಯಲ್ಲಿ ಫಲ ಎದ್ದು ಕಂಡಿತು. ಸವರದ್ದು ಹೆಚ್ಚುಕಡಿಮೆ ಎರಡಡಿ, ಸವರಿದ್ದು ಒಂದೂವರೆ. ಬುಡ ಹಿಡಿದರೆ ಪೆನ್ಸಿಲ್ ಹಿಡಿದಷ್ಟು ಗಟ್ಟಿ. ಕೋಲಿನ ಖರ್ಚು ಕಾಲು ಭಾಗಕ್ಕೆ ಇಳಿಯಿತು. ನಕ್ಕವರಲ್ಲೇ ಇಬ್ಬರು ಈಗ ಪೈಪಿನ ಅಳತೆ ಕೇಳಿಕೊಂಡು ಹೋಗಿದ್ದಾರೆ.

ಇದೇ ಹುಚ್ಚಿನಲ್ಲಿ ಕ್ರೇಪ್ ಮಿರ್ಟಲ್ ಅನ್ನುವ ಅಲಂಕಾರದ ಹೂಮರವನ್ನೂ ಕೆರೆದು ನೋಡಿದೆ. ಬುಡ ಕೆರೆದರೆ ತುದಿ ನಡುಗುತ್ತದೆ, ಮರಕ್ಕೆ ಕಚಗುಳಿ ಅಂತ ಹೇಳುತ್ತಾರಲ್ವಾ? ನಡುಗಿದ್ದು ನಿಜ. ಆದರೆ ಕಡ್ಡಿಯಲ್ಲಿ ಕೆರೆದರೂ ಅಷ್ಟೇ ನಡುಗಿತು. ನಡುವೆ ಕಾಂಡವನ್ನು ಒಬ್ಬರು ಬಿಗಿಯಾಗಿ ಹಿಡಿದುಕೊಂಡಾಗ ತುದಿ ಸುಮ್ಮನಾಯಿತು. ಸಣ್ಣ ಕಾಂಡ, ಮೇಲೆ ಭಾರದ ತಲೆ, ಅದುರು ಹಾಗೇ ಮೇಲಕ್ಕೆ ಹೋಗುತ್ತದೆ ಅಷ್ಟೆ. ನಿಜವಾಗಿ ಎಲೆ ಮಡಚುವ ಮರ ಬೇಕಿದ್ದರೆ ಧಾರೆಹುಳಿ ನೋಡಿ. ಕೊಂಬೆ ಚೆನ್ನಾಗಿ ಅಲ್ಲಾಡಿಸಿ ಕಾದರೆ ಎಲೆಗಳು ಮೆಲ್ಲಗೆ ಕೆಳಗೆ ಬೀಳುತ್ತವೆ. ಮುಟ್ಟಿದರೆ ಮುನಿಯಷ್ಟು ಚುರುಕಿಲ್ಲ, ತಾಳ್ಮೆ ಬೇಕು.

ಪೈಪು ಕಟ್ಟುವವರಿಗೆ ಒಂದು ಮಾತು. ನಡುವೆ ವಾರಗಟ್ಟಲೆ ನಿಲ್ಲಿಸಿದರೆ ಸಸಿ ಮತ್ತೆ ಉದ್ದಕ್ಕೆ ಓಡುತ್ತದೆ. ಗಾಡಿಗೆ ಹತ್ತಿಸುವ ಹಿಂದಿನ ದಿನದವರೆಗೂ ಎಳೆಯುತ್ತಲೇ ಇರಿ. ಬೇವು ಇನ್ನೂ ನನ್ನ ಮಾತು ಕೇಳಿಲ್ಲ, ಅದಕ್ಕೆ ಈ ಸಲ ಪೈಪು ಸ್ವಲ್ಪ ಕೆಳಗೆ ಇಳಿಸಿದ್ದೇನೆ.