ಬರದ ಸೀಮೆಯ ಅಂಗಳಕ್ಕೆ ಜಿನ್ನಿಯಾ

"ನಮ್ಮ ಕಡೆ ಕುಡಿಯೋ ನೀರಿಗೇ ಟ್ಯಾಂಕರ್ ಕಾಯ್ಬೇಕು, ಇನ್ನು ಹೂವಿನ ಗಿಡ ಎಲ್ಲಿಂದ ಬೆಳೆಸೋದು?" ಅಂತ ಕೇಳುವವರ ಕೈಗೆ ನಾನು ಒಂದು ಚಿಟಿಕೆ ಜಿನ್ನಿಯಾ ಬೀಜ ಹಾಕಿ ಕಳಿಸುತ್ತೇನೆ. ಗುಲಾಬಿ ಕೇಳಿದರೆ ನಾನೂ ಬೇಡ ಅಂತಲೇ ಹೇಳುತ್ತೇನೆ. ಜಿನ್ನಿಯಾ ಬೇರೆ. ಅದರ ತವರು ಮೆಕ್ಸಿಕೋದ ಒಣ ಹುಲ್ಲುಗಾಡು. ಬಿಸಿಲು ಕಂಡರೆ ಬಾಡುವ ಜಾತಿಯೇ ಅಲ್ಲ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಬಯಲು ಸಮುದ್ರ ಮಟ್ಟದಿಂದ 800–900 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ ಸುಮಾರು 700 ಮಿಲಿಮೀಟರ್, ಅದೂ ಬಂದರೆ ಬಂತು. ಹಗಲು ಸುಡು ಬಿಸಿಲು, ರಾತ್ರಿ ತಂಪು. ಈ ಗಿಡಕ್ಕೆ ಇದು ಒಗ್ಗುತ್ತದೆ. ಒಗ್ಗದೇ ಇರುವುದು ನಮ್ಮ ಉಪಚಾರ.

ನನ್ನ ತಂಗಿಯ ಮಗಳು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲ್ಬುಕರ್ಕಿಯಲ್ಲಿದ್ದಾಳೆ. ಅದು ನಮಗಿಂತ ಎತ್ತರದ ಊರು, 1,500 ಮೀಟರ್ ಮೇಲೆ. ಮಳೆ ನಮ್ಮದರ ಮೂರನೇ ಒಂದು ಭಾಗದಷ್ಟು. ಅಲ್ಲೂ ಜಿನ್ನಿಯಾ ಚೆನ್ನಾಗಿ ಬರುತ್ತದೆ. ಆದರೆ ಅವಳಿಗೆ ಬೇರೆ ತಾಪತ್ರಯ. ಏಪ್ರಿಲ್ ಮುಗಿಯುವ ತನಕ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬರಬಹುದು, ಬಂದರೆ ಎಳೆ ಸಸಿ ಒಂದೇ ರಾತ್ರಿಗೆ ಕಪ್ಪಾಗುತ್ತದೆ. "ದೊಡ್ಡಮ್ಮ, ನಿಮಗೇನು, ಯಾವಾಗ ಬೇಕಾದ್ರೂ ಹಾಕ್ತೀರ" ಅನ್ನುತ್ತಾಳೆ. ಅವಳು ಹೇಳುವುದು ಅರ್ಧ ನಿಜ. ನಮಗೆ ಅಂಥ ಚಳಿ ಇಲ್ಲ, ಆದರೆ ಮಾರ್ಗಶಿರ, ಪುಷ್ಯದ ಬೆಳಗಿನ ಮಂಜು ಇದೆ. ಅದರ ಮಾತು ಆಮೇಲೆ.

ನನ್ನ ಲೆಕ್ಕ ಮಳೆ ನಕ್ಷತ್ರದ್ದು. ರೋಹಿಣಿ ಮಳೆ ಹೊತ್ತಿಗೆ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ ಬೀಜ ಹಾಕುತ್ತೇನೆ. ಬಿತ್ತಿದ 60–70 ದಿನಕ್ಕೆ ಹೂ ಬರುತ್ತದೆ, ಶ್ರಾವಣದ ವರಮಹಾಲಕ್ಷ್ಮಿಗೆ ಸರಿಹೋಗುತ್ತದೆ. ದಸರಾಕ್ಕೆ ಬೇಕು ಅನ್ನುವವರು ಜುಲೈ ಮಧ್ಯದಲ್ಲಿ ಇನ್ನೊಂದು ಸಲ ಹಾಕಿ. ಹೂವಿಗೆ ಪರಿಮಳ ಇಲ್ಲ, ಜಡೆಗೆ ಮುಡಿಯುವವರೂ ಕಮ್ಮಿ. ಆದರೆ ಕೆಂಪು, ಕಿತ್ತಳೆ, ರಾಣಿ ಬಣ್ಣದ ಹೂ ಹತ್ತು ತಂದು ಕಳಶದ ಪಕ್ಕ ಇಟ್ಟು ನೋಡಿ. ಹಬ್ಬದ ದಿನ ಸೇವಂತಿಗೆ ಮಾರಿಗೆ ಕೊಡುವ ದುಡ್ಡು ಉಳಿಯುತ್ತದೆ.

ಜಾಗ ಮಾತ್ರ ದಿನಕ್ಕೆ ಆರು ಗಂಟೆ ಬಿಸಿಲು ಬೀಳುವಂಥದ್ದೇ ಆಗಬೇಕು. ಹೊಂಗೆ ಮರದ ನೆರಳು, ಕಾಂಪೌಂಡ್ ಮೂಲೆ ಬೇಡ. ಮಣ್ಣು ನಮ್ಮ ಕೆಮ್ಮಣ್ಣೇ ಸಾಕು, ಒಂದಿಷ್ಟು ಗರಸು ಇದ್ದರೆ ಇನ್ನೂ ಒಳ್ಳೆಯದು, ನೀರು ನಿಲ್ಲುವುದಿಲ್ಲ. ಹಳೆಯ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರವನ್ನು ಎರಡು ಬೆರಳು ದಪ್ಪ ಹರಡಿ ಬೆರೆಸಿ. ಅಷ್ಟೇ. ಯೂರಿಯಾ ಹಾಕಿದರೆ ಗಿಡ ಸೊಪ್ಪಿನ ಗಿಡದ ಹಾಗೆ ಏಳುತ್ತದೆ, ಹೂ ನಾಲ್ಕು.

ಬೀಜ ಚಪ್ಪಟೆ, ಬಾಣದ ತುದಿಯ ಆಕಾರ, ಬೂದು ಬಣ್ಣ. ಹಗುರವಾಗಿರುತ್ತದೆ, ಗಾಳಿಗೆ ಅಂಗೈಯಿಂದ ಹಾರಿಹೋಗುತ್ತದೆ. ಕಾಲು ಇಂಚು ಆಳಕ್ಕೆ ಹಾಕಿ ಮೇಲೆ ಸಣ್ಣ ಮಣ್ಣು ಉದುರಿಸಿದರೆ ಸಾಕು. ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಕಾಣಿಸುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲೇ ಹಾಕಿ. ಬೇರು ಅಲುಗಾಡಿದರೆ ಇದಕ್ಕೆ ಆಗುವುದಿಲ್ಲ, ಕಿತ್ತು ನೆಟ್ಟ ಸಸಿ ಸುಮಾರು ದಿನ ಮುನಿಸಿಕೊಂಡು ನಿಲ್ಲುತ್ತದೆ. ಗುಬ್ಬಿ, ಅಳಿಲಿನ ಕಾಟ ಇದ್ದರೆ ಮೊಳೆಯುವ ತನಕ ಮೇಲೆ ಹಳೇ ಸೊಳ್ಳೆ ಪರದೆ ಹರವಿ.

ಮೊಳೆತ ಮೇಲೆ ಕಷ್ಟದ ಕೆಲಸ ಬರುತ್ತದೆ. ಕಷ್ಟ ಕೈಗಲ್ಲ, ಮನಸ್ಸಿಗೆ. ಹೆಚ್ಚಾದ ಸಸಿ ಕೀಳಬೇಕು. ಗಿಡದಿಂದ ಗಿಡಕ್ಕೆ ಒಂದು ಅಡಿ ಇರಲೇಬೇಕು. ಚಿಕ್ಕದಿದ್ದಾಗ ಆ ಅಂತರ ಬೋಳು ಬೋಳಾಗಿ ಕಾಣುತ್ತದೆ, ಪಾಪ ಬಿಡೋಣ ಅನ್ನಿಸುತ್ತದೆ. ಬಿಟ್ಟವರ ಮನೆಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ಎಲೆ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ ಬಂದಿರುತ್ತದೆ. ಅದೇ ಬೂದಿ ರೋಗ. ಜಿನ್ನಿಯಾಕ್ಕೆ ಬರುವ ಕಾಯಿಲೆಗಳಲ್ಲಿ ಇದೇ ದೊಡ್ಡದು.

ಗಾಳಿಯಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಎಲ್ಲರಿಗೂ ಹೇಳುವ ಕಥೆ ಒಂದಿದೆ. ಅಮೆರಿಕದ ನಾಸಾದವರು ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನ್ನಿಯಾ ಬೆಳೆಸಿದ್ದರು. 2015ರ ಡಿಸೆಂಬರ್‌ನಲ್ಲಿ ಅಲ್ಲಿ ತೇವ ಜಾಸ್ತಿಯಾಗಿ ಎಲೆಗಳಲ್ಲಿ ನೀರು ಒಸರಿ, ಬೂಷ್ಟು ಹಿಡಿಯಿತು, ಕೆಲವು ಗಿಡ ಸತ್ತವು. ಗಗನಯಾತ್ರಿ ಸ್ಕಾಟ್ ಕೆಲ್ಲಿ ಅಲ್ಲಿದ್ದರು. ಬೂಷ್ಟು ಹಿಡಿದ ಎಲೆ ಕತ್ತರಿಸಿದರು, ಫ್ಯಾನ್ ಜೋರು ಮಾಡಿದರು. ಆಮೇಲೆ ಇಂಥ ದಿನ ಇಷ್ಟೇ ನೀರು ಅನ್ನುವ ಪಟ್ಟಿ ಬಿಟ್ಟು, ಗಿಡ ನೋಡಿ ನೀರು ಕೊಡುತ್ತೇನೆ ಅಂತ ಕೆಳಗಿನವರ ಹತ್ತಿರ ಒಪ್ಪಿಗೆ ತೆಗೆದುಕೊಂಡರು. 2016ರ ಜನವರಿಯಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ನಮಗೆ ಫ್ಯಾನ್ ಬೇಕಾಗಿಲ್ಲ, ಬಯಲು ಗಾಳಿ ಬೇಕಾದಷ್ಟಿದೆ. ಅದು ಗಿಡಗಳ ಮಧ್ಯೆ ನುಗ್ಗಲು ದಾರಿ ಬಿಟ್ಟರೆ ಸಾಕು, ಅಲ್ವಾ?

ಈಗ ನೀರಿನ ಮಾತು. ನಮ್ಮ ಹೆಣ್ಣುಮಕ್ಕಳಿಗೆ ಸಂಜೆ ಪೈಪ್ ಹಿಡಿದು ಗಿಡದ ನೆತ್ತಿ ಮೇಲೆ ಚಿಮುಕಿಸುವುದು ಅಂದರೆ ಬಹಳ ಇಷ್ಟ. ಎಲೆ ತೊಳೆದು ಹಸಿರಾಗಿ ಹೊಳೆಯುತ್ತದೆ, ಮನಸ್ಸಿಗೂ ತಂಪು. ಜಿನ್ನಿಯಾಕ್ಕೆ ಅದೇ ಕೇಡು. ಸಂಜೆ ನೆನೆದ ಎಲೆ ರಾತ್ರಿಯೆಲ್ಲ ಒದ್ದೆ ಇದ್ದರೆ ಕಂದು ಚುಕ್ಕಿ ರೋಗ ಹತ್ತುತ್ತದೆ. ನೀರು ಬೆಳಿಗ್ಗೆ ಕೊಡಿ, ಬುಡಕ್ಕೆ ಕೊಡಿ. ಪಾತಿ ಮಾಡಿ ಚೊಂಬಿನಲ್ಲಿ ಹೊಯ್ದರೂ ಆದೀತು. ಕೊಡುವ ಮೊದಲು ಬೆರಳು ಮಣ್ಣಿಗೆ ಇಳಿಸಿ. ಎರಡನೇ ಗೆಣ್ಣಿನ ತನಕ ಒಣಗಿದ್ದರೆ ಮಾತ್ರ ಕೊಡಿ, ತಂಪಿದ್ದರೆ ಸುಮ್ನೆ ಬಿಡಿ. ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಬೇರು ಮೇಲೇ ಉಳಿದು, ಒಂದು ದಿನ ನೀರು ತಪ್ಪಿದರೂ ಗಿಡ ಜೋಲುತ್ತದೆ. ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಕೊಟ್ಟರೆ ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಸ್ವಲ್ಪ ಬಾಗಿದರೆ ಗಾಬರಿ ಬೇಡ, ಸಂಜೆಗೆ ತಾನೇ ಎದ್ದರೆ ಅದು ನೀರಿನ ಕೊರತೆಯಲ್ಲ.

ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು ಗಡಸು. ಎಲೆ ಮೇಲೆ ಬಿದ್ದು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಅದನ್ನು ಬೂದಿ ರೋಗ ಅಂದುಕೊಂಡು ಔಷಧಿ ಹೊಡೆದವರಿದ್ದಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಉಪ್ಪಿನ ಕಲೆ ಒಂದು ಸಲ ಹೋದರೆ ಹೋಯಿತು, ಬೂದಿ ರೋಗ ಒರೆಸಿದ ಜಾಗದಲ್ಲೇ ಕೆಲವು ದಿನಕ್ಕೆ ಮತ್ತೆ ಹಬ್ಬುತ್ತದೆ. ಅಕ್ಕಿ, ಬೇಳೆ ತೊಳೆದ ನೀರು ಬುಡಕ್ಕೆ ಹಾಕಬಹುದು. ಸೋಪಿನ ನೀರು ಬೇಡ. ಬುಡದ ಸುತ್ತ ಕಡಲೆಕಾಯಿ ಸಿಪ್ಪೆ ಅಥವಾ ಕತ್ತರಿಸಿದ ರಾಗಿ ಹುಲ್ಲು ಹರಡಿದರೆ ತೇವ ನಿಲ್ಲುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ.

ಇಷ್ಟೆಲ್ಲ ಮಾಡಿದರೂ ಮಂಜಿನ ತಿಂಗಳಲ್ಲಿ ಬೂದಿ ರೋಗ ಒಂದಿಷ್ಟು ಬಂದೇ ಬರುತ್ತದೆ. ಕೆಳಗಿನ ಎಲೆಯಲ್ಲಿ ಶುರುವಾದಾಗಲೇ ಆ ಎಲೆ ಕಿತ್ತು ಸುಟ್ಟುಬಿಡಿ, ತಿಪ್ಪೆಗೆ ಹಾಕಬೇಡಿ. ತೀರಾ ಜಾಸ್ತಿಯಾದರೆ ನೀರಲ್ಲಿ ಕರಗುವ ಗಂಧಕದ ಪುಡಿ, ಒಂದು ಲೀಟರಿಗೆ 2 ಗ್ರಾಂ, ತಂಪು ಹೊತ್ತಲ್ಲಿ ಸಿಂಪಡಿಸಬಹುದು. ಸುಡು ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಟ್ಟುಹೋಗುತ್ತದೆ. ನಾನಂತೂ ಡಿಸೆಂಬರ್‌ಗೆ ಗಿಡ ಕಿತ್ತು ಹಾಕುವವಳು. ನಾಲ್ಕು ತಿಂಗಳು ಹೂ ಕೊಟ್ಟ ಗಿಡವನ್ನು ಔಷಧಿ ಹೊಡೆದು ಇಟ್ಟುಕೊಳ್ಳುವುದು ಯಾಕೆ?

ಒಂದು ಮಾತು ನಮ್ಮ ಸೀಮೆಯವರಿಗೇ ಹೇಳಬೇಕಾದ್ದು. ಹಿತ್ತಲ ಬೇಲಿಯಾಚೆ ಹಿಪ್ಪುನೇರಳೆ ತೋಟ ಇದ್ದರೆ ಯಾವ ಕೀಟನಾಶಕವನ್ನೂ ಹೊಡೆಯಬೇಡಿ. ಬೇವಿನೆಣ್ಣೆಯೂ ಬೇಡ. ಗಾಳಿಗೆ ತೂರಿ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ರೇಷ್ಮೆ ಹುಳ ಸಾಯುತ್ತವೆ. ನಿಮ್ಮ ನಾಲ್ಕು ಹೂವಿಗೋಸ್ಕರ ಪಕ್ಕದ ಮನೆಯವರ ಒಂದು ಬೆಳೆ ಹೋಗುತ್ತದೆ. ಬೇಸಿಗೆಯಲ್ಲಿ ಎಲೆ ಕೆಳಗೆ ಕೆಂಪು ನುಸಿ ಕಂಡರೆ ಬೆಳಿಗ್ಗೆ ಎಲೆ ಮಗುಚಿ ನೀರಿನಿಂದಲೇ ಜೋರಾಗಿ ತೊಳೆಯಿರಿ. ಎಲೆ ನೆನೆಸಬೇಡಿ ಅಂದೆನಲ್ಲ, ಇದೊಂದಕ್ಕೆ ಮಾತ್ರ ವಿನಾಯಿತಿ. ಬೇಸಿಗೆ ಬಿಸಿಲಿಗೆ ಗಳಿಗೆಯಲ್ಲಿ ಒಣಗುತ್ತದೆ.

ಗಿಡ ಒಂದು ಗೇಣು ಎತ್ತರ ಆದಾಗ ನೆತ್ತಿಯ ಕುಡಿ ಚಿವುಟಿ. ಎರಡು ಮೂರು ಜೊತೆ ಎಲೆ ಕೆಳಗೆ ಉಳಿದಿರಲಿ. ಆ ಎಲೆಗಳ ಕಂಕುಳಿಂದ ಕವಲು ಒಡೆದು ಗಿಡ ಪೊದೆಯಾಗುತ್ತದೆ. ಮೊದಲ ಹೂ ಒಂದು ವಾರ ತಡವಾಗಬಹುದು, ಆಮೇಲೆ ಬರುವ ಹೂವಿನ ಮುಂದೆ ಅದು ಏನೂ ಅಲ್ಲ. ಹೂ ಕೊಯ್ದಷ್ಟೂ ಮತ್ತೆ ಬಿಡುತ್ತದೆ. ಒಣಗಿದ ಹೂ ಗಿಡದಲ್ಲೇ ಬಿಟ್ಟರೆ ಬೀಜ ಕಟ್ಟಿ, ಹೊಸ ಮೊಗ್ಗು ನಿಂತುಹೋಗುತ್ತದೆ.

ಕೊಯ್ಯುವುದಕ್ಕೂ ಹದ ಇದೆ. ಹೂವಿನ ಕೆಳಗೆ ಒಂದು ಗೇಣು ಬಿಟ್ಟು ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹೂವಿನ ತಲೆ ಲೊಳಲೊಳ ಅಂತ ಓಲಾಡಿದರೆ ಇನ್ನೂ ಎಳಸು, ಹೂದಾನಿಗೆ ಇಟ್ಟರೆ ಮಾರನೇ ದಿನ ಕತ್ತು ಬಗ್ಗಿಸುತ್ತದೆ. ಕಾಂಡ ಕಡ್ಡಿಯಂತೆ ನೆಟ್ಟಗೆ ನಿಂತರೆ ಕೊಯ್ಯಿರಿ. ನೀರಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆದು, ದಿನ ಬಿಟ್ಟು ದಿನ ನೀರು ಬದಲಾಯಿಸಿದರೆ ಒಂದು ವಾರ ಹಾಗೇ ಇರುತ್ತದೆ.

ಮುಂದಿನ ವರ್ಷದ ಬೀಜಕ್ಕೆ ಒಳ್ಳೆಯ ಗಿಡದ ಒಂದೆರಡು ಹೂ ಬಿಡಿ. ಪೂರ್ತಿ ಕಂದಾಗಿ, ಮುಟ್ಟಿದರೆ ಚರಚರ ಅನ್ನಬೇಕು. ಎಸಳು ಹಿಡಿದು ಎಳೆದರೆ ಬುಡದಲ್ಲೇ ಬೀಜ ಅಂಟಿಕೊಂಡು ಬರುತ್ತದೆ. ಕೈಗೆ ಗಟ್ಟಿ ಸಿಕ್ಕಿದ್ದು ಇಟ್ಟುಕೊಳ್ಳಿ, ಜೊಳ್ಳು ಊದಿಬಿಡಿ. ಮೊರದಲ್ಲಿ ನೆರಳಿಗೆ ಒಣಗಿಸಿ ಕಾಗದದ ಕವರಿನಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ. ಮೂರು ವರ್ಷಕ್ಕೆ ಮೋಸವಿಲ್ಲ. ಚಿಟ್ಟೆ, ಜೇನು ಒಂದರ ಪರಾಗ ಇನ್ನೊಂದಕ್ಕೆ ತಂದಿರುತ್ತವೆ, ಹಾಗಾಗಿ ಕೆಂಪು ಗಿಡದ ಬೀಜದಲ್ಲಿ ಗುಲಾಬಿ ಬಣ್ಣ ಬರಬಹುದು. ಹೈಬ್ರಿಡ್ ಪೊಟ್ಟಣದ ಬೀಜವಾದರೆ ಎರಡನೇ ವರ್ಷ ದಪ್ಪ ಸುತ್ತಿನ ಹೂ ಹೋಗಿ ಒಂಟಿ ಸುತ್ತಿನದೂ ಬಂದೀತು. ಬಂತು ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಬೇಡಿ. ಒಂಟಿ ಸುತ್ತಿನ ಹೂವಿಗೇ ಚಿಟ್ಟೆ ಜಾಸ್ತಿ ಬರುವುದು.