ರ‍್ಯಾಮ್ ಹೆಚ್ಚಿಸುವ ಮೊದಲು ಸರ್ವರ್‌ನ ಅಟ್ಟ ಹತ್ತಿ ನೋಡಿ

ಅಡಿಕೆ ಧಾರಣೆ ಏರಿದ ದಿನ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮೊಬೈಲುಗಳೆಲ್ಲ ಒಂದೇ ಪುಟಕ್ಕೆ ಮುಗಿಬೀಳುತ್ತವೆ. ಹೊಸ ಚಾಲಿ ಅಡಿಕೆಗೆಷ್ಟು, ಹಳೆಯದಕ್ಕೆಷ್ಟು, ಅಷ್ಟೇ ಬೇಕಾದ್ದು. ಸರಿಯಾಗಿ ಆ ಹೊತ್ತಿಗೇ ಸುದ್ದಿತಾಣ ಮಲಗಿಬಿಡುತ್ತದೆ. ಹೋಸ್ಟಿಂಗ್‌ನವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ರ‍್ಯಾಮ್ ಹೆಚ್ಚಿಸಿ. ದುಡ್ಡು ಕಟ್ಟುವ ಮೊದಲು, ತಂತ್ರಾಂಶದ ಜೊತೆಗೇ ಬಂದ ಡಿಫಾಲ್ಟ್ ಸೆಟ್ಟಿಂಗ್‌ಗಳನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಇಲ್ಲಿ ಹೇಳುವುದು 2 ಜಿಬಿ ರ‍್ಯಾಮ್, 2 ಕೋರ್ ಇರುವ ಬಾಡಿಗೆ ಸರ್ವರ್‌ನ ಲೆಕ್ಕ. ಡೆಬಿಯನ್ ಲಿನಕ್ಸ್, ಮುಂಬಾಗಿಲಲ್ಲಿ ಓದುಗರ ಬೇಡಿಕೆ ಸ್ವೀಕರಿಸುವ ಎಂಜಿನ್‌ಎಕ್ಸ್, ಅದರ ಹಿಂದೆ ಪುಟ ಒದಗಿಸುವ, ಈವೆಂಟ್ ಮಾದರಿಯ ಅಪಾಚೆ, ಪಿಎಚ್‌ಪಿಗೆ ಎಫ್‌ಪಿಎಂ, ಮೇಲೆ ವರ್ಡ್‌ಪ್ರೆಸ್. ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಎಂಜಿನ್‌ಎಕ್ಸ್‌ನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ, ಅಪಾಚೆಯಲ್ಲಿ ಪದಗಳು ಅಂಟಿಕೊಂಡೇ ಇರುತ್ತವೆ.

ಮೊದಲು ಅಳತೆ

ಫ್ರೀ ಕಮಾಂಡ್ ಕೊಟ್ಟಾಗ 'ಫ್ರೀ' ಎಂಬ ಕಾಲಂ ನೋಡಿ ಹೆದರಬೇಡಿ. ಲಿನಕ್ಸ್ ಖಾಲಿ ರ‍್ಯಾಮನ್ನು ಫೈಲುಗಳ ಕ್ಯಾಶ್‌ಗೆ (ಬೇಗ ಸಿಗಲೆಂದು ಇಟ್ಟ ಪ್ರತಿಗಳಿಗೆ) ಬಳಸಿಕೊಳ್ಳುತ್ತದೆ, ಕೇಳಿದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು 'ಅವೇಲಬಲ್' ಕಾಲಂ. ಟಾಪ್ ಕಮಾಂಡ್‌ನಲ್ಲೂ ಹಾಗೆಯೇ: 'ವರ್ಟ್' ಎಂದರೆ ಕಾದಿರಿಸಿದ ವಿಳಾಸದ ಲೆಕ್ಕ, 'ರೆಸ್' ಎಂದರೆ ನಿಜವಾಗಿ ಹಿಡಿದಿಟ್ಟ ರ‍್ಯಾಮ್. ಬೆಳಿಗ್ಗೆ, ಗಿರಾಕಿ ಹೆಚ್ಚಿದ ಹೊತ್ತು, ರಾತ್ರಿ ಹೀಗೆ ಮೂರು ಸಲ ಅಪಾಚೆಯ 'ರೆಸ್' ಬರೆದಿಟ್ಟುಕೊಳ್ಳಿ. ಹಗಲು ಏರಿದ್ದು ರಾತ್ರಿಯೂ ಇಳಿಯಲಿಲ್ಲವೆಂದರೆ ಮುಂದಿನ ಭಾಗ ನಿಮಗೇ.

ಕೊಪ್ಪರಿಗೆ ಹಿಂದಿರುಗಿಸದವರು

ಮನೆಯಲ್ಲಿ ಜಂಬರ (ಸಮಾರಂಭ) ಮುಗಿದ ಮೇಲೂ, ಇನ್ನೊಂದು ಜಂಬರ ಬಂದರೆ ಇರಲಿ ಎಂದು ಬಾಡಿಗೆ ಕೊಪ್ಪರಿಗೆಯನ್ನು ಅಟ್ಟದಲ್ಲೇ ಇಟ್ಟುಕೊಳ್ಳುವವರುಂಟು. ಪ್ರೋಗ್ರಾಂಗೆ ಬೇಕಾದ ಮೆಮೊರಿ ತಂದುಕೊಡುವ ಮೆಮೊರಿ ಅಲೊಕೇಟರ್ ಮಾಡುವುದೂ ಅದನ್ನೇ. ಪ್ರೋಗ್ರಾಂ 'ಇದು ಇನ್ನು ಬೇಡ' ಎಂದರೂ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ತಕ್ಷಣ ಮರಳಿಸುವುದಿಲ್ಲ. ಪ್ರತಿ ಸಲ ಕೇಳಿ ತರುವುದು ನಿಧಾನದ ಕೆಲಸ. ಅಪಾಚೆಯಲ್ಲಿ ಇಂಥ ಅಟ್ಟ ಎರಡು: ಒಂದು ಅದರದೇ, ಅದರ ಕೆಳಗೆ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯದ್ದು.

ಅಪಾಚೆಯದ್ದನ್ನು ಮ್ಯಾಕ್ಸ್‌ಮೆಮ್‌ಫ್ರೀ ನಿಯಂತ್ರಿಸುತ್ತದೆ. ಡಿಫಾಲ್ಟ್ 2048, ಅಂದರೆ 2 ಎಂಬಿ, ಅದೂ ಪ್ರತಿ ಥ್ರೆಡ್‌ಗೆ (ಓಡುತ್ತಿರುವ ಪ್ರೋಗ್ರಾಂ, ಅಂದರೆ ಪ್ರಾಸೆಸ್, ಒಳಗಿನ ಒಂದೊಂದು ಕೆಲಸದೆಳೆಗೆ). ಡೆಬಿಯನ್ ಕೊಡುವ ಫೈಲಿನಲ್ಲಿ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್, ಅಂದರೆ ಒಟ್ಟಿಗೆ ದುಡಿಯುವ ಥ್ರೆಡ್‌ಗಳ ಮಿತಿ, 150 ಇರುತ್ತದೆ. ಎಲ್ಲ ಥ್ರೆಡ್‌ಗಳೂ ತುಂಬಿಸಿಕೊಂಡರೆ ಬರೀ ಅಟ್ಟದಲ್ಲೇ 300 ಎಂಬಿ. ಮ್ಯಾಕ್ಸ್‌ಮೆಮ್‌ಫ್ರೀಯನ್ನು 512 ಮಾಡಿ, ವರ್ಕರ್‌ಗಳನ್ನು 75ಕ್ಕೆ ಇಳಿಸಿ. ಒಂದು ಪ್ರಾಸೆಸ್‌ಗೆ 25 ಥ್ರೆಡ್‌ನಂತೆ ಮೂರು ಪ್ರಾಸೆಸ್ ಆಯಿತು. ಮ್ಯಾಕ್ಸ್‌ಕನೆಕ್ಷನ್ಸ್‌ಪರ್‌ಚೈಲ್ಡ್ ಡಿಫಾಲ್ಟ್ 0, ಅಂದರೆ ಹಳೆ ಪ್ರಾಸೆಸ್‌ಗೆ ನಿವೃತ್ತಿಯೇ ಇಲ್ಲ. 5000 ಎಂದು ಬರೆಯಿರಿ.

ಜಿಲಿಬ್‌ಸಿ ಥ್ರೆಡ್‌ಗಳ ನೂಕುನುಗ್ಗಲು ತಪ್ಪಿಸಲು 'ಅರೀನಾ' ಎಂಬ ಬೇರೆ ಬೇರೆ ಕೋಣೆ ತೆರೆಯುತ್ತದೆ. 64 ಬಿಟ್ ಯಂತ್ರದಲ್ಲಿ ಮಿತಿ ಕೋರ್‌ಗೆ 8. ಎರಡು ಕೋರ್‌ಗೆ, ಪ್ರತಿ ಪ್ರಾಸೆಸ್‌ನಲ್ಲೂ, 16. ಒಂದು ಕೋಣೆಯ ಖಾಲಿ ಜಾಗ ಪಕ್ಕದ ಕೋಣೆಯವರಿಗೆ ಸುಲಭದಲ್ಲಿ ಸಿಗದು. ಹಾಗಾಗಿ ಅಪಾಚೆಯ ಎನ್ವ್‌ವಾರ್ಸ್ ಫೈಲಿನಲ್ಲಿ ಎಕ್ಸ್‌ಪೋರ್ಟ್ ಎಂದು ಬರೆದು ಮ್ಯಾಲಕ್ ಅರೀನಾ ಮ್ಯಾಕ್ಸ್ ಅನ್ನು 2 ಮಾಡಿ. ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್. ಆಮೇಲೆ ಅಪಾಚೆಯನ್ನು ನಿಲ್ಲಿಸಿಯೇ ಮತ್ತೆ ಶುರು ಮಾಡಬೇಕು. ರೀಲೋಡ್ ಮಾಡಿದರೆ ತಾಯಿ ಪ್ರಾಸೆಸ್ ಹಳೆಯದೇ ಉಳಿಯುತ್ತದೆ, ಬದಲಾವಣೆ ಅದರ ಕಿವಿಗೆ ಬೀಳುವುದಿಲ್ಲ.

ಇದಕ್ಕೂ ಬಗ್ಗದಿದ್ದರೆ ಜೆಮ್ಯಾಲಕ್ ಇದೆ. ಜೇಸನ್ ಇವಾನ್ಸ್ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಗೆಂದು ಬರೆದ ಈ ಅಲೊಕೇಟರ್ ಬಳಸದ ಪುಟಗಳನ್ನು ಡಿಫಾಲ್ಟಾಗಿ ಸುಮಾರು 10 ಸೆಕೆಂಡಿನಲ್ಲಿ ಬಿಡತೊಡಗುತ್ತದೆ. ಎಲ್‌ಡಿ ಪ್ರೀಲೋಡ್ ಎಂಬ ಸೆಟ್ಟಿಂಗ್ ಮೂಲಕ ಸೇರಿಸುವಾಗ ಫೈಲಿನ ದಾರಿ ತಪ್ಪಾದರೆ ಅಪಾಚೆ ನಿಲ್ಲುವುದಿಲ್ಲ. ಒಂದು ಸಾಲು ಎಚ್ಚರಿಕೆ ಬರೆದು ಹಳೆ ಅಲೊಕೇಟರ್‌ನಲ್ಲೇ ಓಡುತ್ತದೆ. ನೀವು ಹಾಕಿದ್ದೇನೆ ಎಂದುಕೊಂಡಿರುತ್ತೀರಿ. ಪ್ರಾಕ್ ಫೋಲ್ಡರಿನಡಿ ಆ ಪ್ರಾಸೆಸ್‌ನ ಮ್ಯಾಪ್ಸ್ ಫೈಲಿನಲ್ಲಿ ಜೆಮ್ಯಾಲಕ್ ಹೆಸರಿದೆಯೇ ಹುಡುಕಿ.

ಎಂಜಿನ್‌ಎಕ್ಸ್: ಇದೆ ಎಂದುಕೊಂಡ ಕ್ಯಾಶ್

ಎಂಜಿನ್‌ಎಕ್ಸ್ ಮುಂದಿಟ್ಟ ಮಾತ್ರಕ್ಕೆ ಕ್ಯಾಶ್ ಆಗುವುದಿಲ್ಲ. ಪ್ರಾಕ್ಸಿ ಕ್ಯಾಶ್ ಡಿಫಾಲ್ಟಾಗಿ ಆಫ್. ಪ್ರಾಕ್ಸಿ ಕ್ಯಾಶ್ ಪಾತ್‌ನಲ್ಲಿ ಕೀಸ್ ಝೋನ್ 10 ಎಂಬಿ ಸಾಕು. 1 ಎಂಬಿಗೆ ಸುಮಾರು 8,000 ಕೀಲಿಗಳು (ಪುಟಗಳನ್ನು ಗುರುತಿಸುವ ಹೆಸರುಗಳು) ಹಿಡಿಯುತ್ತವೆ. ಮ್ಯಾಕ್ಸ್ ಸೈಜ್ 1 ಜಿಬಿ ಎಂದು ಮರೆಯದೆ ಬರೆಯಿರಿ, ಇಲ್ಲವಾದರೆ ಡಿಸ್ಕ್ ತುಂಬುವವರೆಗೂ ಅದು ಬೆಳೆಯಬಹುದು. ಇನ್‌ಆ್ಯಕ್ಟಿವ್ ಡಿಫಾಲ್ಟ್ 10 ನಿಮಿಷ: ಪುಟದ ಆಯುಷ್ಯ ಒಂದು ಗಂಟೆ ಎಂದು ಬರೆದಿದ್ದರೂ 10 ನಿಮಿಷ ಯಾರೂ ಕೇಳದಿದ್ದರೆ ಕಸಕ್ಕೆ. 60 ನಿಮಿಷ ಮಾಡಿ.

ಪ್ರಾಕ್ಸಿ ಕ್ಯಾಶ್ ವ್ಯಾಲಿಡ್‌ನಲ್ಲಿ 200ರ (ಪುಟ ಸರಿಯಾಗಿ ಸಿಕ್ಕಿತೆಂಬ) ಉತ್ತರಕ್ಕೆ 60 ಸೆಕೆಂಡ್ ಕೊಡಿ. ಪ್ರಾಕ್ಸಿ ಕ್ಯಾಶ್ ಲಾಕ್ ಆನ್ ಮಾಡಿದರೆ, ಕ್ಯಾಶ್‌ನಲ್ಲಿಲ್ಲದ ಪುಟವನ್ನು ಮುನ್ನೂರು ಮಂದಿ ಒಟ್ಟಿಗೆ ಕೇಳಿದರೂ ಹಿಂದಿನ ಅಪಾಚೆಗೆ ಹೋಗುವುದು ಒಬ್ಬನ ಬೇಡಿಕೆ. ಉಳಿದವರು ಡಿಫಾಲ್ಟಾಗಿ 5 ಸೆಕೆಂಡ್‌ವರೆಗೆ ಕಾಯುತ್ತಾರೆ. ಹಳೆ ಪ್ರತಿ ಕೊಡಲು ಬಿಡುವ ಪ್ರಾಕ್ಸಿ ಕ್ಯಾಶ್ ಯೂಸ್ ಸ್ಟೇಲ್‌ಗೆ ಎರರ್, ಟೈಮ್‌ಔಟ್, ಅಪ್‌ಡೇಟಿಂಗ್ ಸೇರಿಸಿ. ಒಂದು ನಿಮಿಷ ಹಳೆಯ ಧಾರಣೆ ತೋರಿಸುವುದು ಬಿಳಿ ಪರದೆ ತೋರಿಸುವುದಕ್ಕಿಂತ ಮೇಲು.

ಅಷ್ಟಾದರೂ ನಿನ್ನೆಯ ಧಾರಣೆಯೇ ಕಾಣುತ್ತದೆಯೇ? ಅಪಾಚೆಯ ಎಚ್‌ಟಿ ಆ್ಯಕ್ಸೆಸ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಯಾರೋ ಪುಟಗಳಿಗೆ ಒಂದು ದಿನದ ಆಯುಷ್ಯ ಬರೆದಿರಬೇಕು. ಅಪಾಚೆ ಕಳಿಸುವ ಕ್ಯಾಶ್ ಕಂಟ್ರೋಲ್ ಹೆಡರ್ (ಉತ್ತರದ ಜೊತೆ ಬರುವ ಸೂಚನೆ) ಎದುರು ನಿಮ್ಮ 60 ಸೆಕೆಂಡ್ ನಡೆಯದು.

ಕನ್ನಡ ವಿಳಾಸದ ಕಿತಾಪತಿ

ಇದು ಇಂಗ್ಲಿಷ್ ತಾಣದವರಿಗೆ ಅಷ್ಟಾಗಿ ಕಾಡದ ತೊಂದರೆ. ಪುಟದ ವಿಳಾಸದಲ್ಲಿ 'ಧಾರಣೆ' ಎಂದಿದ್ದರೆ ಅದು ಐದು ಯುನಿಕೋಡ್ ಚಿಹ್ನೆ. ಒಂದೊಂದಕ್ಕೂ ಮೂರು ಬೈಟ್, ಪರ್ಸೆಂಟ್ ಗುರುತಿನ ರೂಪದಲ್ಲಿ ಒಂಬತ್ತು ಅಕ್ಷರ, ಒಟ್ಟು 45. ವರ್ಡ್‌ಪ್ರೆಸ್ ಈ ಸಂಕೇತವನ್ನು ಚಿಕ್ಕ ಇ, ಬಿ ಬಳಸಿ ಬರೆಯುತ್ತದೆ. ಯಾರಾದರೂ ಕನ್ನಡ ವಿಳಾಸವನ್ನೇ ವಾಟ್ಸಾಪ್‌ನಲ್ಲಿ ಅಂಟಿಸಿದರೆ, ಅದನ್ನು ತೆರೆಯುವ ಬ್ರೌಸರ್ ದೊಡ್ಡ ಇ, ಬಿ ಬಳಸುತ್ತದೆ. ಕೀಲಿಯಲ್ಲಿ ರಿಕ್ವೆಸ್ಟ್ ಯುಆರ್‌ಐ (ಬಂದ ವಿಳಾಸ, ಬಂದ ಹಾಗೆಯೇ) ಇದ್ದರೆ ಎಂಜಿನ್‌ಎಕ್ಸ್‌ಗೆ ಇವೆರಡೂ ಬೇರೆ ಪುಟ, ಏಕೆಂದರೆ ಕ್ಯಾಶ್ ಫೈಲಿನ ಹೆಸರು ಆ ಕೀಲಿಯಿಂದ ಲೆಕ್ಕ ಹಾಕಿದ, ಅಕ್ಷರ ಬದಲಾದರೆ ತಾನೂ ಬದಲಾಗುವ ಎಂಡಿ5 ಸಂಕೇತ. ಕ್ಯಾಶ್ ಅಳಿಸುವ ಪ್ಲಗಿನ್ ಚಿಕ್ಕಕ್ಷರದ್ದನ್ನಷ್ಟೇ ಅಳಿಸಿ ಸುಮ್ಮನಾಗುತ್ತದೆ. ಮುಖಪುಟದಿಂದ ಬಂದವನಿಗೆ ಹೊಸ ಧಾರಣೆ, ವಾಟ್ಸಾಪ್‌ನಿಂದ ಬಂದವನಿಗೆ ಹಳೆಯದು.

ಯುಆರ್‌ಐ ಎಂಬ ಬಿಡಿಸಿದ ರೂಪವನ್ನು ಕೀಲಿಗೆ ಹಾಕಿದರೆ ಮುಗಿಯಿತಲ್ಲ ಎನಿಸಬಹುದು. ಬೇಡ. ಆಗ ಸಂಕೇತದೊಳಗಿನ ಪ್ರಶ್ನಾರ್ಥಕ ಚಿಹ್ನೆಯೂ ನಿಜವಾದದ್ದೂ ಒಂದೇ ಆಗಿ, ಒಂದು ಪುಟದ ಜಾಗದಲ್ಲಿ ಇನ್ನೊಂದನ್ನು ತುರುಕಲು ದಾರಿಯಾಗುತ್ತದೆ. ಧಾರಣೆಯ ಪುಟಕ್ಕೆ 60 ಸೆಕೆಂಡ್ ಇದ್ದರೆ ಎರಡು ಪ್ರತಿಗಳೂ ತಾವಾಗಿ ಹಳತಾಗುತ್ತವೆ. ಸಾಧ್ಯವಿದ್ದರೆ ದಿನವೂ ಬದಲಾಗುವ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಭಾಷಾಭಿಮಾನಕ್ಕೆ ಪುಟದ ಒಳಗೆ ಬೇಕಾದಷ್ಟು ಜಾಗವಿದೆ.

ಪರೀಕ್ಷೆ

ಆ್ಯಡ್ ಹೆಡರ್ ಮೂಲಕ ಅಪ್‌ಸ್ಟ್ರೀಮ್ ಕ್ಯಾಶ್ ಸ್ಟೇಟಸ್ ಅನ್ನು ಉತ್ತರದ ಜೊತೆ ಕಳಿಸಿ. ಎಂಜಿನ್‌ಎಕ್ಸ್ ಅನ್ನು ಟಿ ಆಯ್ಕೆಯಲ್ಲಿ ಪರೀಕ್ಷಿಸಿ ರೀಲೋಡ್ ಮಾಡಿ, ಕರ್ಲ್ ಕಮಾಂಡ್‌ನಲ್ಲಿ ಅದೇ ಪುಟವನ್ನು ಎರಡು ಸಲ ಕೇಳಿ. ಮೊದಲು ಮಿಸ್ (ಕ್ಯಾಶ್‌ನಲ್ಲಿಲ್ಲ), ಆಮೇಲೆ ಹಿಟ್ (ಕ್ಯಾಶ್‌ನಿಂದ ಬಂತು) ಬರಬೇಕು. ಎರಡೂ ಸಲ ಮಿಸ್ ಬಂದರೆ ಸೆಟ್ ಕುಕೀ ಹೆಡರ್ ಹುಡುಕಿ. ಅದಿರುವ ಉತ್ತರವನ್ನು ಎಂಜಿನ್‌ಎಕ್ಸ್ ಉಳಿಸಿಕೊಳ್ಳುವುದಿಲ್ಲ. ಯಾವುದೋ ಪ್ಲಗಿನ್ ಎಲ್ಲರಿಗೂ ಕುಕೀ ಹಂಚುತ್ತಿರುತ್ತದೆ. ಆ ಪ್ಲಗಿನ್ ತೆಗೆಯಿರಿ. ಅದರ ಬದಲು ಪ್ರಾಕ್ಸಿ ಇಗ್ನೋರ್ ಹೆಡರ್ಸ್ ಎಂಬ ಸಾಲು ಅಂಟಿಸಿದರೆ ಲಾಗಿನ್ ಆದ ಸಂಪಾದಕರ ಪುಟ, ಮೇಲಿನ ಕಪ್ಪು ಪಟ್ಟಿಯ ಸಮೇತ, ಉಪ್ಪಳದ ಓದುಗನ ಮೊಬೈಲಿಗೂ ಹೋದೀತು. ವರ್ಡ್‌ಪ್ರೆಸ್‌ನ ಲಾಗಿನ್ ಕುಕೀ ಇರುವವರಿಗೆ ಪ್ರಾಕ್ಸಿ ಕ್ಯಾಶ್ ಬೈಪಾಸ್ ಮತ್ತು ಪ್ರಾಕ್ಸಿ ನೋ ಕ್ಯಾಶ್ ಎರಡನ್ನೂ ಬರೆಯಿರಿ. ಬೈಪಾಸ್ ಒಂದನ್ನೇ ಬರೆದರೆ ಕ್ಯಾಶ್‌ನಿಂದ ಓದುವುದು ನಿಲ್ಲುತ್ತದೆ, ಬರೆಯುವುದು ನಿಲ್ಲುವುದಿಲ್ಲ.