ಹಲ್ಲಿಗೆ ಇಎಸ್‌ಐ ಸಾಕಾ, ಖಾಸಗಿ ಪಾಲಿಸಿ ಬೇಕಾ? ನನ್ನ ಅನುಭವ

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪಿನ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. 2024ರ ಜುಲೈನಲ್ಲಿ ನನ್ನ ಸಂಬಳ 20,400ರಿಂದ 22,000ಕ್ಕೆ ಏರಿತು. ಅದೇ ತಿಂಗಳು ಒಂದು ರಾತ್ರಿ ಖಡಕ್ ರೊಟ್ಟಿ ತಿನ್ನುವಾಗ ಬಲಗಡೆ ದವಡೆ ಹಲ್ಲಿನ ಒಂದು ಚೂರು ಮುರಿದು ಬಾಯಿಗೆ ಬಂತು. ಬೆಳಗಿನ ತನಕ ಲವಂಗ ಕಚ್ಚಿಕೊಂಡು ಕೂತಿದ್ದೆ.

ಎರಡೂ ಒಂದೇ ತಿಂಗಳಲ್ಲಿ ಆಗಿದ್ದರಿಂದ ಭಯ ಆಯಿತು. ಇಎಸ್‌ಐ ಅಂದರೆ ಸಂಬಳದಲ್ಲಿ ಕಡಿತ ಮಾಡಿ ನಮ್ಮಂಥ ಕಾರ್ಮಿಕರಿಗೆ ಕೊಡುವ ಸರ್ಕಾರಿ ಆರೋಗ್ಯ ವಿಮೆ. ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ಅಲ್ವಾ. ಅದನ್ನು ದಾಟಿದೆ ಅಂದರೆ ಕಾರ್ಡ್ ಹೋಯಿತು ಅಂತಲೇ ನಾನು ತಿಳಿದಿದ್ದೆ. ಖಾಸಗಿ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದೆ. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಫಿಲ್ಮ್, ಅದರಲ್ಲಿ ಹಲ್ಲಿನ ಬೇರಿನ ತುದಿಗೆ ಕಪ್ಪಗೆ ಒಂದು ಚುಕ್ಕೆ. ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ 7,500 ಆಗುತ್ತದೆ ಅಂದರು.

ಇದು ಹೇಗೋ ಗೊತ್ತಾಗಿ, ಪರಿಚಯದ ಏಜೆಂಟ್ ಒಬ್ಬರು ಮನೆಗೇ ಬಂದರು. ಕುಟುಂಬಕ್ಕೆಲ್ಲ ಒಂದೇ ಪಾಲಿಸಿ, ಜೊತೆಗೆ ಹಲ್ಲಿಗೂ ಬರುವಂಥ ಓಪಿಡಿ ರೈಡರ್, ಅಂದರೆ ಅಡ್ಮಿಟ್ ಆಗದೆ ಮಾಡಿಸುವ ಚಿಕಿತ್ಸೆಗೆ ಬೇರೆ ದುಡ್ಡು ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಸೌಲಭ್ಯ. ನನ್ನ ಹೆಂಡತಿ ನೇರವಾಗಿ ಕೇಳಿದಳು, "ಇದರಾಗ ಹಲ್ಲು ಬರ್ತದೇನ್ರಿ?" ಅವರು "ಎಲ್ಲಾ ಬರ್ತದ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ" ಅಂದರು. ನಾನು ಸಹಿ ಹಾಕಲಿಲ್ಲ. ಪಾಲಿಸಿಯ ಪೂರ್ತಿ ಕಾಗದ ಕಳಿಸಿ, ಓದಿ ಹೇಳುತ್ತೇನೆ ಅಂದೆ. ಆ ಒಂದು ಮಾತೇ ನನ್ನ ದುಡ್ಡು ಉಳಿಸಿತು.

ಭಾನುವಾರ ಕೂತು ಓದಿದೆವು. ರೈಡರ್‌ಗೆ ವರ್ಷಕ್ಕೆ 4,200. ಆಗ ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇತ್ತು, ಒಟ್ಟು 4,956. ಹಲ್ಲಿಗೆ ಅವರು ಕೊಡುವುದು ಹೆಚ್ಚೆಂದರೆ ವರ್ಷಕ್ಕೆ 5,000. ಹೆಂಡತಿ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕಳೆದು ನೋಡಿದಳು, 44 ರೂಪಾಯಿ. ಅದೂ ಮೊದಲ ವರ್ಷ ಇಲ್ಲ, ವೇಟಿಂಗ್ ಪೀರಿಯಡ್. ಅದೂ ಕಂಪನಿಯ ಪಟ್ಟಿಯಲ್ಲಿರುವ ಕ್ಲಿನಿಕ್ಕಿಗೇ ಹೋಗಬೇಕು, ಕ್ಯಾಪ್‌ಗೆ ಇಲ್ಲವೇ ಇಲ್ಲ. (2025ರ ಸೆಪ್ಟೆಂಬರ್ 22ರಿಂದ ಮನೆಯವರಿಗೆ ನಾವೇ ಮಾಡಿಸುವ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ತೆಗೆದಿದ್ದಾರೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಈ ರೈಡರ್ ನನಗೆ ಬೇಡ.)

ಆಮೇಲೆ ಫ್ಯಾಕ್ಟರಿಯಲ್ಲಿ ಸಂಬಳದ ಚೀಟಿ ಬಂತು. ಸಂಬಳ ಏರಿದ ಮೇಲೂ ಇಎಸ್‌ಐ ಕಡಿತ ನಿಂತಿರಲಿಲ್ಲ, ಮೊದಲು 153 ಇದ್ದದ್ದು 165 ಆಗಿತ್ತು. ತಪ್ಪಾಗಿದೆ ಅಂತ ಆಫೀಸಿಗೆ ಹೋದೆ. ಲೆಕ್ಕ ನೋಡುವ ಮೇಡಮ್ ಕೂರಿಸಿ ಬಿಡಿಸಿ ಹೇಳಿದರು. ನಮ್ಮ ಪಾಲು ಸಂಬಳದ 0.75 ಪರ್ಸೆಂಟ್, ಮಾಲೀಕರದ್ದು 3.25. ಈ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಮತ್ತೆ ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ 21,000 ದಾಟಿದರೆ ಆ ಅವಧಿ ಮುಗಿಯುವ ತನಕ ಕಟ್ಟಲೇಬೇಕು. ಕಟ್ಟಿದ್ದಕ್ಕೆ ಸೌಲಭ್ಯವೂ ಮುಂದಕ್ಕೆ ಸಿಗುತ್ತದೆ, ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್ ತನಕ. ಅಂದರೆ ನನಗೆ 2025ರ ಜೂನ್ 30ರವರೆಗೆ ಟೈಮ್ ಇತ್ತು! ಹನ್ನೊಂದು ವರ್ಷದಿಂದ ಕಡಿತ ಆಗುತ್ತಿದೆ, ನನಗೆ ಒಂದು ದಿನವೂ ಇದು ಗೊತ್ತಿರಲಿಲ್ಲ. ನಮ್ಮ ಶಾಪಿನ ಹುಡುಗರಿಗೆ ಈಗಲೂ ಇದನ್ನೇ ಹೇಳುತ್ತಿರುತ್ತೇನೆ, ಚೀಟಿಯಲ್ಲಿ ಆ ಸಾಲು ನೋಡ್ರಪ್ಪಾ ಅಂತ.

ಹಾಗಾಗಿ ಹಲ್ಲಿನ ಕೆಲಸವೆಲ್ಲ ಆ ಹನ್ನೊಂದು ತಿಂಗಳಲ್ಲಿ ಇಎಸ್‌ಐನಲ್ಲೇ ಮುಗಿಸೋಣ ಅಂತ ನಿರ್ಧರಿಸಿದೆವು. ಮೊದಲು ಡಿಸ್ಪೆನ್ಸರಿ, ಅಲ್ಲಿಂದ ಚೀಟಿ ಬರೆಸಿಕೊಂಡು ಹಲ್ಲಿನ ಡಾಕ್ಟರ ಹತ್ತಿರ. ನನ್ನ ರೂಟ್ ಕೆನಾಲ್ ಮೂರು ಸಲಕ್ಕೆ ಆಯಿತು. ಅವ್ವನ ಒಂದು ಅಲುಗಾಡುವ ಹಲ್ಲು ಕೀಳಿಸಿದೆವು. ಹೆಂಡತಿಯದು ಎರಡು ಹುಳುಕು ಹಲ್ಲು, ತುಂಬಿಸಿದರು. ಕೈಯಿಂದ ಏನೂ ಕೊಡಲಿಲ್ಲ. ತಂದೆತಾಯಿಯನ್ನು ಸೇರಿಸಬೇಕಾದರೆ ಅವರ ಆದಾಯ ತಿಂಗಳಿಗೆ 9,000 ದಾಟಬಾರದು ಅನ್ನುವ ನಿಯಮ ಇದೆ. ಅವ್ವನ ಹೆಸರು ಕಾರ್ಡಿನಲ್ಲಿ ಮೊದಲೇ ಹಾಕಿಸಿದ್ದು ಒಳ್ಳೆಯದಾಯಿತು. ಯಾವ ಕೆಲಸ ಎಲ್ಲಿ ಆಗುತ್ತದೆ ಅನ್ನುವುದು ಊರಿಂದ ಊರಿಗೆ ಬೇರೆ, ಹೋಗುವ ಮೊದಲೇ ವಿಚಾರಿಸಿಕೊಳ್ಳಿ. ಕ್ಯಾಪ್ ಮಾತ್ರ ನಾನು ಸ್ವಂತ ದುಡ್ಡಲ್ಲಿ ಡೆಂಟಲ್ ಕಾಲೇಜಿನಲ್ಲಿ ಹಾಕಿಸಿದೆ. ನಮ್ಮ ಬೆಳಗಾವಿಯಲ್ಲಿ ಕೆಎಲ್‌ಇದ್ದೂ ಇದೆ, ಮರಾಠಾ ಮಂಡಳದ್ದೂ ಇದೆ. ಬಾಗಲಕೋಟೆ, ವಿಜಯಪುರದವರಿಗೂ ಅವರವರ ಊರಲ್ಲೇ ಡೆಂಟಲ್ ಕಾಲೇಜುಗಳಿವೆ. ಕಾಲೇಜಿನಲ್ಲಿ ಕಲಿಯುವವರು ಮಾಡುತ್ತಾರೆ, ಪಕ್ಕದಲ್ಲಿ ದೊಡ್ಡ ಡಾಕ್ಟರ್ ನಿಂತು ಪ್ರತಿ ಹಂತ ನೋಡುತ್ತಾರೆ. ಟೈಮ್ ಜಾಸ್ತಿ ಹಿಡಿಯುತ್ತದೆ, ದುಡ್ಡು ಕಡಿಮೆ.

ಖಾಸಗಿ ಪಾಲಿಸಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಇಎಸ್‌ಐ ಹೋದ ಮೇಲೆ ಆಸ್ಪತ್ರೆಗೆ ಅಡ್ಮಿಟ್ ಆಗುವ ಪ್ರಸಂಗ ಬಂದರೆ ಏನು ಮಾಡುವುದು? ಅದಕ್ಕೆ ಮಾಡಿಸಲೇಬೇಕು, ಮಾಡಿಸಿದೆ. ಆರೋಗ್ಯ ಸಂಜೀವನಿ ಅಂತ ಇದೆ, 2020ರಿಂದ ಬಂದದ್ದು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ನಿಯಮ ಒಂದೇ, ಪ್ರೀಮಿಯಂ ಮಾತ್ರ ಬೇರೆ ಬೇರೆ. ಹಾಗಾಗಿ ಹೋಲಿಸುವುದು ಸುಲಭ. ಬಿಲ್ಲಿನಲ್ಲಿ 5 ಪರ್ಸೆಂಟ್ ನಾವು ಕೊಡಬೇಕು. ಕಾಯಿಲೆಗೆ ಮೊದಲ 30 ದಿನ ಕ್ಲೇಮ್ ಇಲ್ಲ, ಅಪಘಾತಕ್ಕೆ ಆ ತಡೆ ಇಲ್ಲ. ಅದಕ್ಕೇ ನಾನು ಮೇ ಕೊನೆಯ ವಾರದಲ್ಲೇ ಮಾಡಿಸಿದೆ, ಇಎಸ್‌ಐ ಮುಗಿಯುವ ದಿನಕ್ಕೆ ಆ ಮೂವತ್ತು ದಿನವೂ ಮುಗಿದಿರಲಿ ಅಂತ. ನಡುವೆ ಒಂದು ದಿನವೂ ಖಾಲಿ ಬಿಡಬೇಡಿ.

ಈ ಪಾಲಿಸಿಯಲ್ಲೂ "ಕಾಯಿಲೆ ಅಥವಾ ಗಾಯದಿಂದ ಬೇಕಾದ ಹಲ್ಲಿನ ಚಿಕಿತ್ಸೆ" ಅನ್ನುವ ಒಂದು ಸಾಲು ಇದೆ. ಅದನ್ನು ನೋಡಿ ನನಗೂ ಆಸೆ ಆಯಿತು. ಸುಮ್ನೆ ಊಹೆ ಬೇಡ ಅಂತ ಕಂಪನಿಗೆ ಇಮೇಲ್ ಹಾಕಿ ಕೇಳಿದೆ. ಬೈಕಿನಿಂದ ಬಿದ್ದು ದವಡೆ ಮುರಿದು ಅಡ್ಮಿಟ್ ಆದರೆ ಬರುತ್ತದೆ, ಕುರ್ಚಿಯಲ್ಲಿ ಕೂತು ಮಾಡಿಸಿಕೊಂಡು ಮನೆಗೆ ಬರುವ ರೂಟ್ ಕೆನಾಲ್, ಹಲ್ಲು ತುಂಬಿಸುವುದು ಬರುವುದಿಲ್ಲ ಅಂತ ಉತ್ತರ ಬಂತು. ನೀವೂ ಬಾಯಿಮಾತು ನಂಬಬೇಡಿ, ಇಮೇಲಿನಲ್ಲೇ ಕೇಳಿ. ಈಗಾಗಲೇ ಸಹಿ ಹಾಕಿಬಿಟ್ಟಿದ್ದರೂ ಪಾಲಿಸಿ ಕಾಗದ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು, ಸ್ವಲ್ಪ ಖರ್ಚು ಹಿಡಿದುಕೊಂಡು ಉಳಿದ ದುಡ್ಡು ಕೊಡಲೇಬೇಕು.

ಬೈಲಹೊಂಗಲ ಕಡೆಯ ನಮ್ಮ ಮಾವನಿಗೆ ಹಲ್ಲೇ ಉಳಿದಿಲ್ಲ. ಅವರದು ಬಿಪಿಎಲ್ ಕಾರ್ಡ್. ಅಂಥ ವಯಸ್ಸಾದವರಿಗೆ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಪುಕ್ಕಟೆ ಮಾಡಿಕೊಡುತ್ತಾರೆ. ಅದಕ್ಕೆ ಕಾಗದ ಓಡಾಡಿಸುತ್ತಿದ್ದೇವೆ.

ಇನ್ನು ನಮ್ಮ ಹಲ್ಲಿಗೆ ಸೊಸೈಟಿಯಲ್ಲಿ ಬೇರೆ ಪಿಗ್ಮಿ ತೆರೆದಿದ್ದೇನೆ. ದಿನಕ್ಕೆ 20 ರೂಪಾಯಿ, ವರ್ಷಕ್ಕೆ 7,300. ರೈಡರ್‌ಗೆ ಕೊಡಬೇಕಿದ್ದದ್ದಕ್ಕಿಂತ ಜಾಸ್ತಿ ನಿಜ, ಆದರೆ ಯಾರ ಹಲ್ಲಿಗೆ ಬೇಕಾದರೂ ಆಗುತ್ತದೆ, ಹಲ್ಲು ನೋಯದಿದ್ದರೆ ದುಡ್ಡು ನಮ್ಮದೇ. ಪಿಗ್ಮಿಯವರು ಸಂಜೆ ಬಂದಾಗ ಮಗಳೇ ಓಡಿಹೋಗಿ ಕೊಟ್ಟು ಬರುತ್ತಾಳೆ. ಹೆಂಡತಿಗೆ ಬುದ್ಧಿ ಹಲ್ಲು ಅಡ್ಡ ಬೆಳೆದಿದೆಯಂತೆ. ಸೋಮವಾರ ಕಾಲೇಜಿಗೆ ತೋರಿಸಲು ಹೋಗುತ್ತಿದ್ದೇವೆ, ಆ ಖರ್ಚು ಇದರಲ್ಲೇ.